ಮುಳಗುಂದ ನಾಕಾದ ಎರಡು ಗಾಡಿ

ಹತ್ತಿ ಹಿಂಜೂ ಮಶೀನು ಇದ್ದ ಜಾಗದಾಗ
ಈಗ ಎರಡು ಗಾಡಿ ನಿಂತಾವ.
ಜಿನ್ನು ಬಂದಾಗಿ ಮೂವತ್ತು ವರ್ಷಾತು,
ಇನ್ನೂ ತೊಲಿ ಸಂದಿಂದ ಎಳಿ ಉದರತಾವ.
ದಿನಾ ಮುಂಜಾನೆ ಬಾನೆಟ್ ಮ್ಯಾಲಿಂದ ಆರಸತೀನಿ,
ಮುದುಕರ ಕರೀ ಕೋಟಿನ ಮ್ಯಾಲಿನ
ಬಿಳಿ ಕೂದಲಾ ತಗದಾಂಗ.

ಬಂದವರು ಕೇಳೂದು ಒಂದ:
"ಅಂದಾನೆಪ್ಪಾರ, ಎರಡರಾಗ ಚಲೋದು ಯಾವ್ದರೀ?"

ಈ ಕಡಿದು ಮರ್ಸಿಡಿಸ್, ಮೂವತ್ತಾರರದು.
ಆರು ಸಿಲಿಂಡರ್, ಮೂಗಿನ ಮ್ಯಾಲೆ ಮೂರು ಕಾಲಿನ ಚುಕ್ಕಿ.
ಬಾಗಲಾ ಹಾಕಿದ್ರ
ಅರ್ಬನ್ ಬ್ಯಾಂಕಿನ ತಿಜೋರಿ ಹಾಕಿದ ಸಪ್ಪಳ.
ಗೇರ್ ಬದಲಸುವಾಗ ಒಂದು ಉಸುರು ತಡೀಬೇಕು,
ಅವಸರ ಮಾಡಿದಿರಿ,
ಹಲ್ಲು ಕಡೀತೈತಿ.
ಕಪ್ಪತಗುಡ್ಡದ ಏರಿಗೆ ಕಾವೇರಸಿಕೊಳ್ಳದ
ಲೆಕ್ಕಾ ಬರಕೋತ ಹತ್ತಿಧಾಂಗ ಹತ್ತತೈತಿ.
ನಂಬಬಹುದು. ನಗೂದಿಲ್ಲ.

ಆ ಕಡಿದು ಹೋರ್ಖ್, ಮೂವತ್ತೆಂಟು.
ಪೇಪರಿನವ ಹಾರ್ಚ್ ಅಂತ ಬರದ,
ಮರ್ದಾನಸಾಬ ಒಂದ ಸಲ ನೋಡಿ ಹೋರಿ ಅಂದ,
ಅದ ಉಳೀತು.
ಎದಿ ಮ್ಯಾಲೆ ಒಂದರಾಗೊಂದು ಸಿಕ್ಕ ನಾಕು ಬಳಿ.
ಎಂಟು ಸಿಲಿಂಡರು ತುಪ್ಪದಾಗ ತಿರುಗಿಧಾಂಗ;
ಚಾಲೂ ಇದ್ದಾಗ ಮಡ್‌ಗಾರ್ಡಿನ ಮ್ಯಾಲೆ
ಚಾದ ಬಸಿ ಇಟ್ಟು ನೋಡೀನಿ,
ಕೆನಿ ಹರೀಲಿಲ್ಲ.
ಖರೇ, ಹುಬ್ಬಳ್ಳಿ ಮುಟ್ಟೂದರಾಗ
ಹನ್ನೆರಡು ಲೀಟರ್ ಕುಡೀತೈತಿ ಹೋರಿ.

ಮತ್ತ, ಸ್ಟೀರಿಂಗ್ ಎಡಕ್ಕ.
ಅಣ್ಣಿಗೇರಿ ದಾಟಿ ಮುಂದ ಹತ್ತಿ ಲಾರಿ ಸಿಕ್ರ
ಅಂಡಗಿ ಬಿಟ್ಟು ನನಗೇನೂ ಕಾಣಸೂದಿಲ್ಲ.
ಬಲಕ್ಕ ಕುಂತ ಮರ್ದಾನಸಾಬನ್ನ ಕೇಳಬೇಕು.
ಅವ ಕುತಗಿ ಹೊರಗ ಹಾಕಿ,
"ತಡೀರಿ... ತಡೀರಿ... ಹೂಂ, ಹೊಡೀರಿ!"

ಹೆಸರಿನ ಮಾತು ತಗದ್ರ
ಮರ್ಸಿಡಿಸ್ ಅನ್ನೂದು ಯಾರೋ ವ್ಯಾಪಾರಸ್ಥನ ಮಗಳ ಹೆಸರಂತ.
ಹೋರ್ಖ್ ಅಂದ್ರ, ಧಾರವಾಡದಾಗ ಜರ್ಮನ್ ಕಲಸೂ
ಪಾಟೀಲ ಮಾಸ್ತರು ಹೇಳಿದರು,
"ಕೇಳು."
ಅಷ್ಟ. ಎರಡು ಟನ್ನಿನ ಒಂದು ಕ್ರಿಯಾಪದ.

ಮರ್ದಾನಸಾಬಗ ಅದು ಯಾರೂ ಹೇಳಬೇಕಾಗಿದ್ದಿಲ್ಲ.
ಉದ್ದನ ಸ್ಕ್ರೂಡ್ರೈವರಿನ ತುದಿ ಎಂಜಿನ್ನಿಗೆ ಹಚ್ಚಿ
ಹಿಡಿಕಿಗೆ ಕಿವಿ ಕೊಟ್ಟು ಕಣ್ಣು ಮುಚ್ಚತಿದ್ದ:
"ಐದನೇದು ಕೆಮ್ಮಾಕ ಹತ್ತೇತ್ರಿ."
ಐದನೇದು ಕೆಮ್ಮತಿತ್ತು.

ಆ ಸ್ಕ್ರೂಡ್ರೈವರ್ ಈಗ ಮಗಳು ತಬಸ್ಸುಮ್ ಕೈಯಾಗ.
ಹ್ವಾದ ದೀಪಾವಳಿ ಮುಂದ, ಸ್ಪ್ರಿಂಗ್ ಕಟ್ಟಾಕಂತ
ಹೋರಿ ಹಿಂದಿನ ಸೀಟು ಬಿಚ್ಚಿದಳು.
ಹಳೇ ಚರ್ಮದ ಬುಡಕ ಕುದುರಿ ಕೂದಲಾ,
ಕೂದಲದಾಗ ಒಂದು ಕೂಸಿನ ಕೈಗವಸು.
ಉಣ್ಣೀದು, ಬಲಗೈದು.
ಹೆಬ್ಬಟ್ಟಿಗೆ ಬ್ಯಾರೆ ಬಣ್ಣದ ನೂಲಿಲೆ
ಯಾರೋ ನಿಗಾದಿಂದ ತೇಪಿ ಹಾಕ್ಯಾರ.
ಇಂಥಾ ಗಾಡ್ಯಾಗ ಕುಂತ ಕೂಸಿಗೆ
ತೇಪಿ ಕೈಗವಸು?

"ಕಾಕಾ, ಗಾಡಿ ಯಾರದಿತ್ರೀ?"
ಚಾಸಿ ನಂಬರ್ ಹೇಳಿದೆ.
ಮುಂಬೈ ಹರಾಜು, ಅದರ ಹಿಂದ ಸಂಸ್ಥಾನದವರು,
ಅವರಿಗೆ ತಂದು ಕೊಟ್ಟ ಏಜೆಂಟ, ನಲವತ್ತೇಳು.
"ಅದಕೂ ಮುಂಚೆ?"
ಮೂವತ್ತೆಂಟರಿಂದ ನಲವತ್ತೇಳರ ತನಕ
ಒಂದು ಕಾಗದಾ ಇಲ್ಲ ನನ್ನ ಫೈಲಿನಾಗ.
ಕಾರ್ಬುರೇಟರಿನ ಮೂಲ ರಶೀದಿ ಐತಿ.
ಬಣ್ಣದ ನಂಬರ್ ಐತಿ.
ಇಪ್ಪತ್ತೆರಡು ವರ್ಷ ಆ ಎಂಜಿನ್ ಕೇಳೀನಿ,
ಕೇಳಿಲ್ಲ.

ಕೈಗವಸು ಡ್ಯಾಶ್‌ಬೋರ್ಡಿನ ಖಾನೇದಾಗ ಇಟ್ಟೀನಿ.
ಮಾಸ್ತರ ಕೈಲೆ ಜರ್ಮನಿಗೆ ಎರಡು ಪತ್ರ ಬರಸೀನಿ.
ಒಂದು ಹಳ್ಳಿ ಬಂತು, ವಿಳಾಸ ಇಲ್ಲಂತ.

ಚಲೋದು ಯಾವುದು ಅಂದ್ರ
ಈಗ ಬಾಯಿಗೆ ಲಗೂನ ಬರೂದಿಲ್ಲ.
ಐತವಾರ ಹೋರಿ ಹೊರಗ ತಗದಿದ್ವಿ.
ಅಣ್ಣಿಗೇರಿ ದಾಟಿಂದ ಅದ ಹತ್ತಿ ಲಾರಿ, ಅವ ಅಂಡಗಿ.
ಬಲಕ್ಕ ಕುಂತ ತಬಸ್ಸುಮ್
ಅಪ್ಪನಾಂಗ ಕುತಗಿ ಹೊರಗ ಹಾಕಿ ನೋಡತಿದ್ಲು.
ಹೊಡೀಲೇನವಾ ಅಂದೆ.

"ತಡೀರಿ ಕಾಕಾ,
ಇನ್ನೂ ಕಾಣವಲ್ದು."