ಕಂಡು

ಫಾಯಿಜಾ, ಕತೆ ಕಟ್ಟುವುದು ಹೇಗೆಂದು ಕೇಳಿದಿ.
ನನಗೆ ಗೊತ್ತಿರುವುದು ಸಾಕ್ಷಿ ಬರೆಯುವುದು:
ಕಾಸರಗೋಡಿನ ಕೋರ್ಟಿನಲ್ಲಿ ಇಪ್ಪತ್ತಾರು ವರ್ಷ
ಕನ್ನಡದಲ್ಲಿ ಅತ್ತದ್ದನ್ನು
ಮಲಯಾಳದಲ್ಲಿ ಒಣಗಿಸಿ ಕೊಟ್ಟವನು.

ನಿನ್ನೆ ವಾಚನಾಲಯದ ಗೋಡೆಗೆ ಬೆಡ್‌ಶೀಟು ಬಿಗಿದು
ನೀವು ತೋರಿಸಿದ ಸಿನಿಮಾದ ಇನ್‌ಸ್ಪೆಕ್ಟರ್,
ಟೇಪು ತಿರುಗಿಸಿ ತಿರುಗಿಸಿ
ಕೊಲೆಗಾರನ ದನಿ ಹುಡುಕುವವನು—
ನೀವೆಲ್ಲ ಅವನ ಜತೆ ಕಿವಿಗೊಟ್ಟು ಕೂತಿರಿ.
ನಾನು ಅವನ ಬೆರಳು ನೋಡುತ್ತಿದ್ದೆ.
ಒಂದು ಕಡೆ, ಒಂದೇ ಕಡೆ,
ಅದು ಟೇಪನ್ನು ಮುಂದಕ್ಕೆ ಓಡಿಸುತ್ತಿತ್ತು.

ಹೇಳುವವನು ಎಲ್ಲಿ ಓಡಿಸುತ್ತಾನೋ
ಅಲ್ಲಿ ಅಗೆಯಬೇಕು, ಹುಡುಗಿ.

ನಮ್ಮದೊಂದು ಕೇಸು. ಮೊಗ್ರಾಲ್ ಸಂಕ, ರಾತ್ರಿ ಹತ್ತೂವರೆ.
ಸಾಕ್ಷಿ ಬೀಡಿ ಕಟ್ಟುವ ದೇಯಕ್ಕ,
ಉಗುರಿನ ಸಂದಿನಲ್ಲಿ ಹೊಗೆಸೊಪ್ಪಿನ ಹುಡಿ.
ಆರೋಪಿ ಐತ್ತಪ್ಪ.
ನನಗೆ ಅಂಥ ಗುರುತಿನವನೇನಲ್ಲ;
ಏಳನೇ ಕ್ಲಾಸಿನ ತನಕ ಒಂದೇ ಬೆಂಚು, ಅಷ್ಟೆ.
ಅದಿರಲಿ.

ಮತ್ತೇನಾಯ್ತು, ಎಂದರು ವಕೀಲರು.
“ನಾನು ಐತ್ತಪ್ಪನನ್ನು ಕಂಡು...”
ಎಂದಳು ದೇಯಕ್ಕ. ನಿಂತಳು.
ಫ್ಯಾನು ಕಟಕಟ ತಿರುಗಿತು.

ನಿನಗೆ ಎರಡೂ ಭಾಷೆ ಬರುತ್ತದೆ.
ನಮ್ಮ ಕಂಡು ಹೊಸ್ತಿಲ ಹೊರಗೆ ನಿಂತ ಪದ.
ಕಂಡು ಕರೆದಳೋ, ಕಂಡು ಹೆದರಿದಳೋ,
ಕಂಡು, ಛೆ, ಇವನಲ್ಲ ಎಂದುಕೊಂಡಳೋ.
ಮಲಯಾಳದ ಕಂಡು ಚಪ್ಪಲಿ ಕಳಚಿ
ಒಳಗೆ ಬಂದು ಕೂತಾಗಿದೆ.
ನೋಡಿದ್ದಾಯಿತು. ಮುಗಿಯಿತು.

ನಾನು ಬರೆದೆ: ಕಂಡು.
ಅವಳ ಒಂದು ಸ್ವರವನ್ನೂ ಮುಟ್ಟಲಿಲ್ಲ.
ಚುಕ್ಕಿ ಮಾತ್ರ ನನ್ನದು.
ಓದಿ ಹೇಳಿದಾಗ ಹೂಂ ಎಂದಳು, ಹೆಬ್ಬೆಟ್ಟು ಒತ್ತಿದಳು.
ಐತ್ತಪ್ಪನಿಗೆ ಏಳು ವರ್ಷ.
ಮಂಗಳೂರು ಲೋಕಲಿಗೆ ಹೊತ್ತಾಗಿತ್ತು, ನನಗೆ ಅವಸರ.
ಅದಿರಲಿ.

ನೀನು ಬರೆಯುವಾಗ ಬೀದಿದೀಪ, ಸಿಗರೇಟಿನ ಹೊಗೆ,
ಮೂಲೆಯಲ್ಲಿ ನೆರಳು, ಅದೆಲ್ಲ ಯಾಕೆ?
ಮಟಮಟ ಮಧ್ಯಾಹ್ನದ ಕೋರ್ಟು ಸಾಕು,
ಪೆನ್ನಿನ ಟೊಪ್ಪಿ ಹಾಕುವ ಒಬ್ಬ ಗುಮಾಸ್ತ ಸಾಕು.
ಕೊಲೆಗಾರನನ್ನು ಕಡೇ ಪುಟಕ್ಕೆ ಇಟ್ಟರೆ
ಓದುವವರು ನೇರ ಅಲ್ಲಿಗೇ ಹೋಗುತ್ತಾರೆ.
ಕತೆ ಹೇಳುವ ಬಾಯಲ್ಲೇ ಇಡು,
ಅನ್ನದೊಳಗಿನ ಕಲ್ಲು,
ಹಲ್ಲಿಗೆ ಸಿಕ್ಕಾಗಲೇ ತಿಳಿಯಲಿ.

ಈಗ ಹೇಳು, ನಾನು ಎಷ್ಟು ಸಲ ಅದಿರಲಿ ಎಂದೆ?
ಬರೆದುಕೊಂಡೆಯಾ?
ರೈಲು ಆ ದಿನ ನಲ್ವತ್ತು ನಿಮಿಷ ತಡ.
ಅದು ನನಗೆ ಮಧ್ಯಾಹ್ನವೇ ಗೊತ್ತಿತ್ತು.

ಐತ್ತಪ್ಪನದು ಈಗ ಹೊಸಂಗಡಿಯಲ್ಲಿ ಪಂಕ್ಚರ್ ಅಂಗಡಿ.
ನನ್ನ ಸೈಕಲು ಹೋಗುವುದು ಅಲ್ಲಿಗೇ.
ಟ್ಯೂಬನ್ನು ಬೇಸಿನ್ನಿನ ನೀರಿಗೆ ಅದ್ದಿ
ತಿರುಗಿಸಿ ತಿರುಗಿಸಿ
ಗುಳ್ಳೆ ಏಳುವ ಜಾಗಕ್ಕೆ ಕಾಯುತ್ತಾನೆ.
ಅವಸರವೆಂಬುದು ಇಲ್ಲ ಅವನಿಗೆ.
ಮೊನ್ನೆ, ಕೈ ನೀರಿನಲ್ಲಿರುವಾಗಲೇ ಕೇಳಿದ:
“ಆ ದಿನ ದೇಯಕ್ಕ ಸರಿಯಾಗಿ ಏನು ಹೇಳಿದ್ದು ಮಾರಾಯ?
ಫ್ಯಾನಿನ ಸದ್ದಿಗೆ ನನಗೆ ಕೇಳಿಸಲಿಲ್ಲ.”
ತಲೆ ಎತ್ತಿದ.
ನಾನು ಅವನ ಮುಖ ಕಂಡು