ಸದ್ದಿಲ್ಲದ ತಿಂಗಳು

ಹಿರಿಯರು ಬೀಜ ಬಿತ್ತಿ ಬಂದರು.
ಇವತ್ತಿನಿಂದ ಮೂವತ್ತು ದಿನ ಟೆಶಿಯಲ್ಲಿ
ತಮಟೆಯಿಲ್ಲ, ತುತ್ತೂರಿಯಿಲ್ಲ,
ಹೆಣ ಎತ್ತುವಂತಿಲ್ಲ.
ಮೊಳಕೆಯ ನಿದ್ದೆ ಕೆಡಬಾರದಂತೆ.
ಆಗಲಿ, ಅದಾದರೂ ಮಲಗಲಿ.
ನನಗೆ ನಿದ್ದೆ ಬರುವುದಿಲ್ಲ.

ನನ್ನ ಗಂಡ ಲಾಂಟೆ ಊದುವುದು ಸೂಸಫೋನ್,
ಹೆಗಲಿಗೆ ಹೆಬ್ಬಾವಿನ ಹಾಗೆ ಸುತ್ತಿಕೊಳ್ಳುವ ಹಿತ್ತಾಳೆ.
ಮದುವೆಗೆ ಮುಂಚೆ ನಮ್ಮವ್ವ ಕೇಳಿದ್ದಳು:
"ಹುಡುಗ ಏನು ಮಾಡುತ್ತಾನೆ?"
"ಊದುತ್ತಾನೆ."
"ಸರಿ, ಊದುತ್ತಾನೆ. ಕೆಲಸ?"

ಶನಿವಾರ ಮಣ್ಣಾಗುವವರೇ ನಮಗೆ ಅನ್ನದಾತರು.
ಹೀಗೆ ಹೇಳಬಾರದು, ಗೊತ್ತು.
ಆದರೂ ರೇಡಿಯೋದಲ್ಲಿ ಸಾವಿನ ಸುದ್ದಿ ಓದುವಾಗ
ಹುಳಿಹಿಟ್ಟಿನ ಕೆಂಕಿ ಕಟ್ಟುವ ನನ್ನ ಕೈ ತಾನಾಗಿ ನಿಲ್ಲುತ್ತದೆ:
ದೊಡ್ಡ ಮನೆತನವೋ? ಮಕ್ಕಳೆಷ್ಟು?
ಲಂಡನ್ನಿನಲ್ಲಿ ಯಾರಾದರೂ ಇದ್ದಾರೋ?

ಮಗಳ ಹಳೇ ನೋಟುಬುಕ್ಕಿನಲ್ಲಿ ಲೆಕ್ಕ ಬರೆಯುವವಳು ನಾನು.
ಏಳು ಜನಕ್ಕೆ ಒಂದು ಲಕೋಟೆ.
ಮೇಸ್ತ್ರಿ ಅಟಾ ಲಾರ್ಟೇಗೆ ಎರಡು ಪಾಲು, ಉಳಿದವರಿಗೆ ಒಂದೊಂದು.
ಟ್ರೋಟ್ರೋ ವ್ಯಾನಿನಲ್ಲಿ ಇವನಿಗೊಂದು ಸೀಟು, ಕೊಳವೆಗೊಂದು ಸೀಟು.
"ಅದೇನು ಮನುಷ್ಯನೇನೋ?" ಎಂದರೆ ಟಿಕೆಟ್ಟಿನ ಹುಡುಗ,
"ಬಾಯಿ ಇದೆಯಲ್ಲ ಅಕ್ಕಾ" ಎನ್ನುತ್ತಾನೆ.
ಸತ್ತವರ ಮನೆಯಲ್ಲಿ ಬಡಿಸಿದ ಅನ್ನ, ಕೋಳಿ, ಬಿಯರು
ಕೂಲಿಯಲ್ಲಿ ಮುರಿದುಕೊಂಡವರಿದ್ದಾರೆ.
"ಸಾವಿರ ಜನ ನಿಮ್ಮನ್ನು ನೋಡಿದರಲ್ಲ, ಅದು ಸಾಲದೇ?"
ಎಂದವರೂ ಇದ್ದಾರೆ.
ನೋಡಿದ್ದನ್ನು ತೂಗಿ ಅಕ್ಕಿ ಕೊಡುವ ಅಂಗಡಿ
ಈ ಬೀದಿಯಲ್ಲಿ ಇನ್ನೂ ತೆರೆದಿಲ್ಲ.

ಮೂರನೇ ವಾಲ್ವು ಅಂಟಿಕೊಳ್ಳುತ್ತದೆ. ಅದಕ್ಕೆ ಸೀಮೆಎಣ್ಣೆ.
ನೆಗ್ಗಿದ ಜಾಗವನ್ನು ಕಾರು ರಿಪೇರಿಯ ಓಕೈ ಬಡಿದು ಸರಿಮಾಡಿದ;
ಅಂದಿನಿಂದ ಕೆಳಗಿನ ಸ್ವರವೊಂದು
ಬಾಗಿಲು ನೆಟ್ಟಗೆ ಕೂರದ ಟ್ಯಾಕ್ಸಿಯ ಹಾಗೆ ಗಡಗಡ ಎನ್ನುತ್ತದೆ.
ಅತ್ತು ಅತ್ತು ಸುಸ್ತಾದವರಿಗೆ ಕೇಳಿಸುವುದಿಲ್ಲ.
ಇವನಿಗೆ ಕೇಳಿಸುತ್ತದೆ.

ಈ ತಿಂಗಳು ಸಿಮೆಂಟು ಹೊರಲು ಹೋಗುತ್ತಿದ್ದಾನೆ.
ಬೆರಳು ಜೋಪಾನ ಎಂದೆ.
"ಮೂರು ಉಳಿದರೆ ಸಾಕು ಕಣೇ, ತುಟಿ ಮುಖ್ಯ."
ತುಟಿ ಒಂದು ವಾರ ಸುಮ್ಮನಿದ್ದರೆ ಸಡಿಲ ಬೀಳುತ್ತದಂತೆ.
ಅದಕ್ಕೇ ರಾತ್ರಿ ಮುಸುಕೆಳೆದುಕೊಂಡು
ಬರಿಬಾಯಲ್ಲಿ ಪಿರ್ರ್ ಪಿರ್ರ್ ಎನಿಸುತ್ತಾನೆ,
ಯಾವುದೋ ಮೆರವಣಿಗೆ ಕಂಬಳಿಯೊಳಗೇ ಹೊರಟಂತೆ.
ಡೆಡೆ ಹೊಟ್ಟೆ ಹಿಡಿದುಕೊಂಡು ನಗುತ್ತಾಳೆ. ನಾನೂ.
ಗೋಡೆಯಾಚೆ ಊರ ಪೂಜಾರಿಯ ಹೆಂಡತಿ.
ಕೇಳಿಸಿರಲೇಬೇಕು. ಯಾರಿಗೂ ಹೇಳಲಿಲ್ಲ, ಪುಣ್ಯಾತ್ಗಿತ್ತಿ.

ಮೊನ್ನೆ ಅಟಾ ಲಾರ್ಟೇಗೆ ಫೋನು ಬಂದಿತ್ತು,
ತಿಂಗಳು ಕಳೆದ ಮೊದಲ ಶನಿವಾರಕ್ಕೆ.
ಶವಾಗಾರದ ತಣ್ಣನೆ ಪೆಟ್ಟಿಗೆಯಲ್ಲಿ ಅಜ್ಜನೊಬ್ಬ
ಐದು ವಾರದಿಂದ ಕಾಯುತ್ತಿದ್ದಾನಂತೆ, ನಮ್ಮ ಹಾಗೆಯೇ.
ಏಳು ಜನ ಯಾಕೆ, ನಾಲ್ಕು ಸಾಕು ಎಂದನಂತೆ ಮೊಮ್ಮಗ.
ಬುಡದ ಸದ್ದೆಲ್ಲ ಡಿಜೆಯ ಪೆನ್‌ಡ್ರೈವಿನಲ್ಲಿದೆಯಂತೆ.

ಇದನ್ನೆಲ್ಲ ಅಟಾ ಲಾರ್ಟೇ ಹೇಳಲಿಲ್ಲ.
ಸಂಜೆ ಬಂದ. ಬೆಂಚಿನ ತುದಿಯಲ್ಲಿ ಕೂತ.
ಎರಡು ಕೆಂಕಿ, ಹುರಿದ ಮೀನು, ಖಾರ.
ಎದ್ದು ಹೋಗುವಾಗ ದುಡ್ಡು ಕೊಟ್ಟ.
ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಕೊಟ್ಟವನಲ್ಲ.
ಚಿಲ್ಲರೆ ಎಣಿಸುತ್ತಲೇ ನನಗೆ ತಿಳಿಯಿತು.
ಲಾಂಟೆಗೂ. ಮುಖ ತೊಳೆಯಲು ಹೋದವನು
ಬಹಳ ಹೊತ್ತು ತೊಳೆದ.

ಬೆಳಿಗ್ಗೆ, ಮಾರುವ ಮಾತು ಎತ್ತಲೋ ಬೇಡವೋ ಎನ್ನುತ್ತ,
ಮೂಲೆಯ ಹಿತ್ತಾಳೆಗೆ ಬಟ್ಟೆ ಹಿಡಿದು ಹೋದೆ.
ಅದರ ಅಗಲ ಬಾಯೊಳಗೆ ಒಂದು ಕೋಳಿ,
ಕಣ್ಣು ಪಿಳುಕಿಸದೆ ನನ್ನನ್ನೇ ನೋಡಿತು.
ಕೆಳಗೆ ಮೂರು ಮೊಟ್ಟೆ, ಇನ್ನೂ ಬಿಸಿ.
"ಎಬ್ಬಿಸಬೇಡ" ಎಂದ ಹಿಂದಿನಿಂದ.

ನೋಟುಬುಕ್ಕು ತೆಗೆದು ಜಮಾ ಕಡೆ ಬರೆದೆ:
ಸೂಸಫೋನ್ ದುಡಿಮೆ, ಮೊಟ್ಟೆ ಮೂರು.
ಆಮೇಲೆ, ಕೋಳಿ ಪೂಜಾರಿಯ ಹೆಂಡತಿಯದು
ಎಂದು ನೆನಪಾಗಿ
ಎರಡನ್ನು ಹೊಡೆದುಹಾಕಿದೆ.