ಮೂರು ನಕ್ಷತ್ರ ಕಂಡ ಮೇಲೆ

ಇವತ್ತು ಸಬ್ಬತ್ತು, ಪೆನ್ನು ಮುಟ್ಟುವಂತಿಲ್ಲ,
ಬಾಯಲ್ಲೇ ಹೇಳುತ್ತೇನೆ, ಕೇಳಿ.
ಹೀಟರಿಗೆ ಬೆನ್ನು ಕೊಟ್ಟು ತೂಕಡಿಸುವ ಫಿಶೆಲ್,
ನಿನ್ನ ಕೇಳುವ ಕಿವಿಯನ್ನು ಇತ್ತ ತಿರುಗಿಸು.

ಕೊಲಂಬಸ್ಸಿನಲ್ಲಿ ಒಂದು ಮಸೂದೆ ಕೂತಿದೆ,
ಮುನ್ನೂರ ಹದಿನೆಂಟು ಅದರ ನಂಬರು.
ಐವತ್ತು ವರ್ಷ ಹೊಸ ಗುಂಡಿ ತೋಡದ ಸ್ಮಶಾನ
‘ಬಳಕೆಯಲ್ಲಿಲ್ಲದ ಜಾಗ’ವಂತೆ,
ಮೂರನೇ ಪುಟದ ಅಡಿಯಲ್ಲಿ, ಇರುವೆಯಂಥ ಅಕ್ಷರದಲ್ಲಿ.
ಬಳಕೆಯಲ್ಲಿಲ್ಲ!
ಮಲಗಿದವರು ಮಗ್ಗುಲು ಬದಲಿಸದಿದ್ದರೆ
ಹಾಸಿಗೆ ಖಾಲಿ ಎಂದು ಅರ್ಥವೇ?

ನದಿಯಾಚೆಯ ದಿಬ್ಬ ನಿಮಗೆ ಗೊತ್ತು.
ಉಕ್ಕಿನ ಕುಲುಮೆಗೆ ಕಲ್ಲಿದ್ದಲು ಸುರಿದವರು,
ಗುಜರಿ ಕಬ್ಬಿಣ, ಗುಂಡಿ, ದಾರ, ಹಳೇ ಕೋಟು ಮಾರಿದವರು,
ಒಟ್ಟು ನೂರ ನಲವತ್ತೆರಡು ಕಲ್ಲು.
ಕೊನೆಯದು ನಮ್ಮ ದೊಡ್ಡಮ್ಮ ಹೆನ್ಯಾಳದು,
ಎಪ್ಪತ್ತೊಂದರ ಮಾರ್ಚಿಯಲ್ಲಿ;
ಮಣ್ಣು ಹೆಪ್ಪುಗಟ್ಟಿ ಎರಡು ಗುದ್ದಲಿ ಮುರಿದವು.
ಆಮೇಲೆ ಕುಲುಮೆ ಆರಿತು, ಜನ ಟ್ಯಾಂಪಾಕ್ಕೆ ಹೋದರು,
ಸಾಯುವುದಕ್ಕೂ ಅಲ್ಲೇ ಬಿಸಿಲು ನೋಡಿಕೊಂಡರು.
ಈಗ ದಿಬ್ಬದ ಮೇಲೆ ಲಾರಿಗಳಿಗೆ ನಾಲ್ಕು ಸಾಲಿನ ರಸ್ತೆ ಬೇಕಂತೆ.

ಝಲ್ಮನ್ ಭುಜ ಕುಣಿಸಿದ: ‘ಸತ್ತವರಿಗೆ ಓಟಿಲ್ಲ.’
ಇಲ್ಲ, ಅದಕ್ಕೇ ಫೋನು ನಾವು ಮಾಡಬೇಕು.
‘ಈ ಸಲ ತಪ್ಪಿಸಿದರೆ ಬರುವ ವರ್ಷ ಮತ್ತೊಂದು ತರುತ್ತಾರೆ.’
ತರಲಿ. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಸ್ಸು ಅನ್ನುತ್ತಾರೆ,
ಸತ್ತವರಿಗೆ ಒಂದೇ ವರ್ಷ ಸಿಕ್ಕರೂ ಸಾಕು.

ಗುರುವಾರ ನಾನು ಆ ಕಚೇರಿಗೆ ಫೋನು ಮಾಡಿದೆ.
ಒಂದು ಹುಡುಗಿ ಎತ್ತಿಕೊಂಡಳು, ದನಿಯಲ್ಲಿ ನೆಗಡಿ.
‘ಹೆಸರು, ಬೀದಿ, ಪರವೋ ವಿರುದ್ಧವೋ ಹೇಳಿ,
ಒಂದು ಗೀಟು ಹಾಕುತ್ತೇನೆ’ ಅಂದಳು.
ಇದುವರೆಗೆ ಎಷ್ಟಮ್ಮ, ಅಂದೆ.
ಕಾಗದ ಮಗುಚುವ ಸದ್ದು.
‘ಪರ, ಅರವತ್ತು.
ವಿರುದ್ಧ, ನೀವು.’

ಅರವತ್ತು ವರ್ಷದಿಂದ ಈ ಪರದೆಯ ಹಿಂದೆ ಕೂತಿದ್ದೇನೆ.
ಪ್ರಾರ್ಥನೆಗೆ ಹತ್ತು ಗಂಡಸರು ಬೇಕು.
ಎಷ್ಟೋ ಬೆಳಗು ಒಂಬತ್ತಕ್ಕೆ ನಿಂತು ಗಡಿಯಾರ ನೋಡಿದ್ದೀರಿ.
ನಾನು ಬಾಗಿಲಿಗೆ ಬಂದ ಹಿಮ ಗೋರಿದೆ, ಕಾಫಿ ಕಾಸಿದೆ,
ಬಸ್ಸಿಗೆ ಕಾಯುತ್ತಿದ್ದ ಹತ್ತನೆಯವನನ್ನು
ತೋಳು ಹಿಡಿದು ಕರೆತಂದೆ.
ಆಟಕ್ಕುಂಟು, ಲೆಕ್ಕಕ್ಕಿಲ್ಲ.
ದೂರಲ್ಲ ಇದು, ಇದ್ದದ್ದು.
ಆದರೆ ಆ ನೆಗಡಿಯ ಹುಡುಗಿಯ ಕಾಗದದಲ್ಲಿ
ನಾನು ಒಂದು.
ಪೂರ್ತಿ ಒಂದು.
ಎಪ್ಪತ್ತೆಂಟನೆಯ ವಯಸ್ಸಿಗೆ, ಮೊದಲನೆಯವಳು.
ಇನ್ನು ನಿಂತು ಕಾಯುವ ಸರದಿ ನನ್ನದು, ಗಡಿಯಾರ ನೋಡುತ್ತ.

ಸೋಮವಾರ ಹತ್ತು ಗಂಟೆಗೆ ಮತ ಹಾಕುತ್ತಾರೆ.
ಇವತ್ತು ರಾತ್ರಿ ಯಂತ್ರ ಎತ್ತಿಕೊಳ್ಳುತ್ತದೆ,
ನಲವತ್ತು ಸೆಕೆಂಡು ಕೊಡುತ್ತದೆ.
ಝಲ್ಮನ್, ದಯವಿಟ್ಟು ಬೆಲಾರೂಸಿನಿಂದ ಶುರುಮಾಡಬೇಡ.
ಹೆಸರು, ಬೀದಿ, ಮುನ್ನೂರ ಹದಿನೆಂಟು, ವಿರುದ್ಧ. ಅಷ್ಟೇ.
ಸಮಯ ಉಳಿದರೆ, ನೆಗಡಿ ಬೇಗ ವಾಸಿಯಾಗಲಿ ಅನ್ನಿ.
ಪೆರ್ಲಾ, ನಿನ್ನ ಸೊಸೆ ಮೆಥಡಿಸ್ಟ್ ಅಂತ ತಲೆ ತಗ್ಗಿಸಬೇಡ,
ಅವಳ ಗೀಟೂ ನಮ್ಮದರಷ್ಟೇ ಉದ್ದ.
ಮೋಡ ಕವಿದಿತ್ತು, ಮೂರು ನಕ್ಷತ್ರ ಕಾಣಲಿಲ್ಲ
ಎಂಬ ನೆಪ ಬೇಡ. ಕ್ಯಾಲೆಂಡರಿನಲ್ಲಿ ಅಚ್ಚಾಗಿದೆ,
ಆರು ಗಂಟೆ ನಲವತ್ತು ನಿಮಿಷ.

ಗೋರಿಯ ಮೇಲೆ ಕಲ್ಲಿಟ್ಟು ಬರುತ್ತೇವಲ್ಲ,
ಬಂದಿದ್ದೆ ಅನ್ನುವುದಕ್ಕೆ?
ಹೆನ್ಯಾಳ ಮೇಲೆ ಈಗ ಇರುವುದು ನಾನಿಟ್ಟದ್ದು ಮಾತ್ರ,
ಅದೂ ಹೋದ ಸೆಪ್ಟೆಂಬರಿನದು.

ಏನು ಫಿಶೆಲ್? ನಂಬರು ಬರೆದುಕೊಡಬೇಕೇ?
ಬರೆಯುವಂತಿಲ್ಲ ಅಂದೆನಲ್ಲ.
ಬಾಯಿಪಾಠ ಮಾಡಿ, ದಿನಾ ಮಾಡುವ ಪ್ರಾರ್ಥನೆ ಬಾಯಿಗೆ ಬರುತ್ತದಲ್ಲ.
ಆರು, ಒಂದು, ನಾಲ್ಕು...
ಮತ್ತೊಮ್ಮೆ.
ಪರದೆಯ ಈಚೆ ಇರುವವರೂ. ಜೋರಾಗಿ.